ಹದಿನಾಲ್ಕನೇ ತಾರೀಖು ಕಟಕಟೆಯಲ್ಲಿ ನಿಂತವನು

“ಇದನ್ನ ತಗೊಂಡು ಹೋಗಿ ಒಲೆಗೆ ಹಾಕಿ ದಫೇದಾರ್ರೇ. ಕಾಫಿಗೆ ನೀರಾದರೂ ಕಾಯುತ್ತೆ.”

ವಕೀಲಮ್ಮ ನಾಲ್ಕು ಹಾಳೆಗಳನ್ನು ಮೇಜಿನ ಮೇಲೆ ಎಸೆದಳು. ಒಂದು ಜಾರಿ ನೆಲಕ್ಕೆ ಬಿತ್ತು. ದಫೇದಾರ ಅದನ್ನು ಎತ್ತಲಿಲ್ಲ.

“ಹನ್ನೊಂದು ದಿನ ಅಲೆದಿದ್ದೀನಿ. ಕೊಲೆ ಆದ ಹೊತ್ತಿಗೆ ನಮ್ಮ ಲಿಫ್ಟ್ ಮೇಸ್ತ್ರಿ ಸೈಕಲ್ ಅಂಗಡಿ ಮುಂದೆ ನಿಂತು ಪಂಕ್ಚರ್ ಹಾಕಿಸ್ತಿದ್ದ ಅಂತ ಸೈಕಲ್ ರಿಪೇರಿಯವನು ಬರೆದು ಸಹಿ ಹಾಕಿ ಕೊಟ್ಟಿದ್ದಾನೆ. ಅವನು ಮನೆ ಬದಲಾಯಿಸಿ ಮೂರನೇ ಊರಿಗೆ ಹೋಗಿದ್ದ. ಅಲ್ಲಿಗೂ ಹೋಗಿ ಹಿಡಿದೆ. ಇದು ಒಲೆಗಾ?”

“ಒಲೆಗೇ.”

“ಯಾಕೆ?”

“ಯಾಕಂದ್ರೆ ಇದು ಮೇಲ್ಮನವಿ. ಎಷ್ಟು ಸಲ ಹೇಳಲಿ ನಿಮಗೆ? ಕೆಳಗಿನ ಕೋರ್ಟಲ್ಲಿ ಸಾಕ್ಷಿ ಬಂದು ನಿಂತು ಮಾತಾಡ್ತಾನೆ. ಮೇಲಿನ ಕೋರ್ಟಲ್ಲಿ ಯಾರೂ ಬಂದು ನಿಲ್ಲೋದಿಲ್ಲ. ಅಲ್ಲಿ ಇಬ್ಬರು ಜಡ್ಜು, ಎರಡು ಕಡೆ ವಕೀಲರು, ಮಧ್ಯೆ ಕಾಗದ. ಕೆಳಗೆ ಏನು ಬರೆದುಕೊಂಡಿದ್ದಾರೋ ಅದನ್ನ ಓದ್ತಾರೆ, ಬರೆದಿದ್ದರಲ್ಲಿ ತಪ್ಪಿದೆಯಾ ನೋಡ್ತಾರೆ. ಹೊಸ ಸಾಕ್ಷಿ ತಂದರೆ ಮೊದಲ ಪ್ರಶ್ನೆಯೇ, ಇವನು ಇಷ್ಟು ವರ್ಷ ಎಲ್ಲಿದ್ದ, ಅವತ್ತೇ ಯಾಕೆ ಕರೆಸಲಿಲ್ಲ.”

“ಅವತ್ತಿನ ವಕೀಲನಿಗೆ ಬುದ್ಧಿ ಇರಲಿಲ್ಲ.”

“ಅದು ಕಾರಣ ಆಗೋಲ್ಲ. ವಕೀಲನಿಗೆ ಬುದ್ಧಿ ಇರಲಿಲ್ಲ ಅಂತ ಕೇಸುಗಳನ್ನ ಮತ್ತೆ ಮೊದಲಿಂದ ನಡೆಸ್ತಾ ಕೂತರೆ ಯಾವ ಕೋರ್ಟೂ ಸಂಜೆ ಬಾಗಿಲು ಹಾಕೋ ಹಾಗಿಲ್ಲ.”

ದಫೇದಾರನ ಕತ್ತು ಕೆಂಪಾಯಿತು. ಪೊಲೀಸು ಕೆಲಸದಲ್ಲಿದ್ದಾಗ ಹೀಗೆ ಕತ್ತು ಕೆಂಪಾದ ಒಂದು ದಿನ ಸಾಹೇಬರ ಮೇಜಿನ ಮೇಲಿದ್ದ ಫೈಲು ಎತ್ತಿ ಸಾಹೇಬರ ಮುಖಕ್ಕೇ ಎಸೆದಿದ್ದ. ಆ ಕೆಲಸ ಅಲ್ಲಿಗೇ ಮುಗಿದಿತ್ತು, ದಫೇದಾರ ಅನ್ನುವುದು ಮಾತ್ರ ಉಳಿದಿತ್ತು. ಈಗ ವಕೀಲರಿಗೆ ಬೇಕಾದವರನ್ನು ಹುಡುಕಿಕೊಡುವುದು ಅವನ ಹೊಟ್ಟೆಪಾಡು.

ಹಿಂದಿನ ವಾರದ ಕಂತಿನ ಕಥೆ ಇಷ್ಟೇ: ಕನ್ನಡಕದ ಅಂಗಡಿಯ ಮಾಲೀಕನನ್ನು ನಾಲ್ಕನೇ ಮಹಡಿಯಿಂದ ಲಿಫ್ಟಿನ ಗುಂಡಿಗೆ ತಳ್ಳಿ ಕೊಂದ ಎಂದು ಲಿಫ್ಟ್ ಮೇಸ್ತ್ರಿಗೆ ಜೀವಾವಧಿ ಶಿಕ್ಷೆಯಾಗಿದೆ, ನಾಳೆ ಗುರುವಾರ ಹತ್ತೂವರೆಗೆ ಅವನ ಮೇಲ್ಮನವಿಯ ವಿಚಾರಣೆ.

“ನಾಳೆ ಸೋತರೆ?” ಎಂದು ಕೇಳಿದ್ದು ಮೇಸ್ತ್ರಿಯ ಹೆಂಡತಿ. ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಿದ್ದಳು. ಬಟ್ಟೆ ಹೊಲಿಯುವವಳು. ಕುಪ್ಪಸದ ತೋಳಿನಲ್ಲಿ ಎರಡು ಗುಂಡುಸೂಜಿ ಸಿಕ್ಕಿಸಿಕೊಂಡೇ ಬಂದಿದ್ದಳು. ಅವಳು ಕೂತಿರುವುದು ಇಬ್ಬರಿಗೂ ಮರೆತೇ ಹೋಗಿತ್ತು.

ವಕೀಲಮ್ಮ ಧ್ವನಿ ಇಳಿಸಿದಳು. “ಮೇಲೆ ಇನ್ನೊಂದು ಕೋರ್ಟಿದೆ. ಆದರೆ ಯಾರು ಯಾರನ್ನ ನೋಡಿದ ಅನ್ನೋದನ್ನ ಅಲ್ಲಿ ಮುಟ್ಟೋದೂ ಇಲ್ಲ. ಕಾನೂನಿನ ಅರ್ಥ ಏನು ಅಂತ ಮಾತ್ರ ನೋಡ್ತಾರೆ. ಹಾಗಾಗಿ ನಮ್ಮ ಮಟ್ಟಿಗೆ ನಾಳೆಯೇ ಕೊನೆ ಅಂದುಕೊಳ್ಳಮ್ಮ. ಶಿಕ್ಷೆ ಎತ್ತಿ ಹಿಡೀಬಹುದು, ರದ್ದು ಮಾಡಬಹುದು, ಸರಿಯಾಗಿ ನಡೆದಿಲ್ಲ ಅಂತ ಕೆಳಗೆ ವಾಪಸ್ ಕಳಿಸಬಹುದು. ಮೂರೇ ದಾರಿ.”

“ಹಂಗಾದ್ರೆ ನಾನೇನು ಹುಡುಕಬೇಕು? ಅದನ್ನ ಹೇಳಿ,” ಎಂದ ದಫೇದಾರ. “ಬೀದಿಯಲ್ಲಿ ಹುಡುಕಿದ್ದು ಒಲೆಗೆ. ಇನ್ನೆಲ್ಲಿ ಹುಡುಕಲಿ?”

“ಇಲ್ಲಿ.” ಅವಳು ಮುನ್ನೂರು ಪುಟದ ದಪ್ಪ ಕಟ್ಟನ್ನು ಅವನ ಕಡೆ ತಳ್ಳಿದಳು. ಕೆಳಗಿನ ಕೋರ್ಟಿನ ಮುಖ್ಯ ಕಾಗದಗಳನ್ನೆಲ್ಲ ಟೈಪು ಮಾಡಿಸಿ, ಪುಟಸಂಖ್ಯೆ ಹಾಕಿ, ಜಡ್ಜುಗಳಿಗೆಂದು ಹೊಲಿದ ಪುಸ್ತಕ. “ಒಡೆಯೋದಾದ್ರೆ ಇದರೊಳಗಿಂದಲೇ ಒಡೀಬೇಕು. ಪುಟ ಅರವತ್ತೆರಡು. ಎರಡನೇ ಸಾಕ್ಷಿ, ಆ ಕಟ್ಟಡದ ಕಾವಲುಗಾರ. ಇವನೊಬ್ಬನ ಮಾತಿನ ಮೇಲೆ ಇಡೀ ಶಿಕ್ಷೆ ನಿಂತಿದೆ.”

ಅವಳು ಓದಿದಳು. “‘ತಾರೀಖು ಹದಿನಾಲ್ಕು. ಮೆಟ್ಟಿಲಿಳಿದು ಓಡಿದವನನ್ನು ನಾನು ದೀಪದ ಬೆಳಕಿನಲ್ಲಿ ನೋಡಿದ್ದೇನೆ. ಈಗ ನ್ಯಾಯಾಲಯದ ಕಟಕಟೆಯಲ್ಲಿ ನಿಂತಿರುವ ಆರೋಪಿಯೇ ಆತ.’ ಕೆಳಗೆ ಕಾವಲುಗಾರನ ಸಹಿ, ಜಡ್ಜ್ ಸಹಿ. ಪೊಲೀಸರು ಅದಕ್ಕೂ ಮೊದಲು ಇಬ್ಬರನ್ನೂ ಮುಖಾಮುಖಿ ಮಾಡಿಸಿರಲಿಲ್ಲ. ಕೋರ್ಟಲ್ಲೇ ಮೊದಲ ಸಲ ನೋಡಿದ್ದು, ನೋಡಿದ ಕೂಡಲೇ ಇವನೇ ಅಂದಿದ್ದು.”

“ಯಾವ ತಿಂಗಳು?” ಎಂದಳು ಮೇಸ್ತ್ರಿಯ ಹೆಂಡತಿ.

ವಕೀಲಮ್ಮ ತಿಂಗಳು ಹೇಳಿದಳು. ಮೂರು ವರ್ಷದ ಹಿಂದಿನದು.

“ಅವತ್ತು ಅವರು ಕೋರ್ಟಿಗೆ ಎಲ್ಲಿ ಬಂದಿದ್ರು? ಆಸ್ಪತ್ರೇಲಿದ್ರು. ಹದಿಮೂರಕ್ಕೆ ಹರ್ನಿಯಾ ಆಪರೇಷನ್ ಆಯ್ತು, ಹದಿನೇಳಕ್ಕೆ ಜೈಲಿಗೆ ವಾಪಸ್ ಕರ್ಕೊಂಡು ಹೋದ್ರು. ನಾಲ್ಕು ದಿನವೂ ವಾರ್ಡಿನ ಬಾಗಿಲಲ್ಲಿ ನಿಂತಿದ್ದೀನಿ. ಒಳಗೆ ಬಿಡ್ಲಿಲ್ಲ. ಪೊಲೀಸ್ನೋನು ಕುರ್ಚಿ ಅಡ್ಡ ಹಾಕ್ಕೊಂಡು ಕೂತಿದ್ದ.”

ದಫೇದಾರ ಎದ್ದು ನಿಂತ. “ಇದನ್ನ ಇಷ್ಟು ದಿನ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ?”

“ಕೇಳಿದೋರು ಯಾರು?” ಎಂದಳು ಅವಳು, ಕೂತಲ್ಲಿಂದಲೇ. “ಆ ಕಾವಲುಗಾರ ಯಾವತ್ತು ಬಂದು ಹೇಳಿದ ಅಂತ ನಂಗೆ ಯಾರು ಹೇಳಿದ್ರು? ಜಡ್ಜ್‌ಮೆಂಟು ಕೊಟ್ರು, ಓದಿಸ್ಕೊಂಡೆ. ಎರಡನೇ ಸಾಕ್ಷಿ ಹೇಳಿದ್ದಾನೆ ಅಂತ ಇತ್ತು. ತಾರೀಖಿರಲಿಲ್ಲ. ನೀವು ಹನ್ನೊಂದು ದಿನ ಊರು ಸುತ್ತಿದ್ರಿ ಅಣ್ಣಾ. ನನ್ನ ಮನೆ ಇಲ್ಲಿಂದ ಎರಡು ಬೀದಿ ಆಚೆ.”

ದಫೇದಾರ ಮತ್ತೆ ಕೂತುಕೊಂಡ.

“ನಿನ್ನ ಗಂಡನಿಗಾದರೂ ಗೊತ್ತಿರಬೇಕಲ್ಲ,” ಎಂದಳು ವಕೀಲಮ್ಮ. “ಕೊನೆಗೆ ಜಡ್ಜು ಅವನನ್ನೇ ಕೇಳಿದ್ದಾರೆ, ಎರಡನೇ ಸಾಕ್ಷಿ ನಿನ್ನನ್ನ ಗುರುತಿಸಿದ್ದಾನೆ, ಏನಂತೀಯ ಅಂತ.”

“ಏನು ಕೇಳಿದರೂ ಸುಳ್ಳು ಅನ್ನು, ಅದರ ಮೇಲೆ ಒಂದು ಮಾತೂ ಆಡಬೇಡ ಅಂತ ಅವರ ವಕೀಲ ಹೇಳಿಕೊಟ್ಟಿದ್ರಂತೆ.”

ವಕೀಲಮ್ಮ ಪುಟ ತಿರುಗಿಸಿದಳು. ಹದಿನೆಂಟು ಪ್ರಶ್ನೆ. ಹದಿನೆಂಟಕ್ಕೂ ಒಂದೇ ಉತ್ತರ, ಸುಳ್ಳು. ಸತ್ಯ ಹೇಳಿದ್ದ ಮನುಷ್ಯ. ಆದರೆ ಹದಿನೆಂಟು ಸಲ ಒಂದೇ ಮಾತು ಹೇಳಿದರೆ ಯಾವ ಜಡ್ಜೂ ಹತ್ತೊಂಬತ್ತನೇ ಸಲ ತಲೆ ಎತ್ತಿ ನೋಡುವುದಿಲ್ಲ.

*

ಮೇಲ್ಮನವಿ ಹಾಕಿದ ಮೇಲೆ ಕೆಳಗಿನ ಕೋರ್ಟಿನ ಮೂಲ ಫೈಲನ್ನು ಮೇಲಿನ ಕೋರ್ಟಿಗೆ ತರಿಸಿಕೊಂಡಿರುತ್ತಾರೆ. ಅರ್ಜಿ ಕೊಟ್ಟರೆ ವಕೀಲರು ನೋಡಬಹುದು. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಎದುರಿಗೆ ಒಬ್ಬ ಗುಮಾಸ್ತ ಕೂತು ಕೈಗಳನ್ನೇ ನೋಡುತ್ತಿರುತ್ತಾನೆ.

ಆವತ್ತು ಕೂತಿದ್ದ ಗುಮಾಸ್ತನಿಗೆ ನೆಗಡಿ. ಪ್ರತಿ ಸೀನಿಗೂ “ಹಾಳೆ ಮಡಚಬೇಡಿ,” ಎನ್ನುತ್ತಿದ್ದ.

ಮೊದಲು ಸಿಕ್ಕಿದ್ದು ಆರ್ಡರ್ ಶೀಟು. ದಿನದಿನದ ಕಲಾಪ ಬರೆದಿಡುವ ಹಾಳೆ ಅದು. ಹದಿನಾಲ್ಕನೇ ತಾರೀಖಿನ ಮುಂದೆ ಒಂದೇ ಸಾಲು: “ಆರೋಪಿ ಹಾಜರು. ಸಾಕ್ಷಿ ಎರಡರ ವಿಚಾರಣೆ ಮುಗಿದಿದೆ.” ಕೆಳಗೆ ಜಡ್ಜ್ ಸಹಿ.

“ಹಾಜರು ಅಂತಿದೆ,” ಎಂದಳು ವಕೀಲಮ್ಮ.

“ಅದು ಪುಸ್ತಕದಲ್ಲೂ ಇದೆ. ಪುಸ್ತಕದಲ್ಲಿ ಇಲ್ಲದ್ದು ಏನಿದೆ ನೋಡೋಣ,” ಎಂದ ಜೊತೆಗೆ ಬಂದಿದ್ದ ದಫೇದಾರ.

ಪುಸ್ತಕದಲ್ಲಿ ಎಲ್ಲ ಕಾಗದವನ್ನೂ ಹಾಕುವುದಿಲ್ಲ. ಸಮನ್ಸಿನ ನಕಲು, ಮುಂದೂಡುವ ಅರ್ಜಿ, ಟಪಾಲು, ಇಂಥ ಸಣ್ಣಪುಟ್ಟದ್ದನ್ನೆಲ್ಲ ಬೇರೆ ಕಟ್ಟು ಮಾಡಿ ಫೈಲಿನ ಬೆನ್ನಿಗೆ ದಾರದಲ್ಲಿ ಕಟ್ಟಿರುತ್ತಾರೆ. ಅದನ್ನು ಬಿಚ್ಚುವವರು ಕಡಿಮೆ. ಗಂಟು ಗಟ್ಟಿಯಾಗಿತ್ತು. ದಫೇದಾರ ಹಲ್ಲಿನಲ್ಲಿ ಎಳೆಯಲು ಹೋದಾಗ ಗುಮಾಸ್ತ ಸೀನುವುದನ್ನೂ ಮರೆತು ಎದ್ದು ನಿಂತ.

ನಲವತ್ತು ಹಾಳೆಯ ಕೆಳಗೆ ಅದು ಸಿಕ್ಕಿತು. ಜೈಲಿನಿಂದ ಬಂದ ಕಾಗದ. ಈ ಕೈದಿಯನ್ನು ಹನ್ನೆರಡನೇ ತಾರೀಖು ಆಸ್ಪತ್ರೆಗೆ ಸೇರಿಸಲಾಗುತ್ತಿದೆ, ಹದಿನಾಲ್ಕರಂದು ಹಾಜರುಪಡಿಸಲು ಆಗುವುದಿಲ್ಲ, ದಯವಿಟ್ಟು ಬೇರೆ ದಿನ ಕೊಡಬೇಕು.

ಮೂಲೆಯಲ್ಲಿ ಕೋರ್ಟಿನ ಮುದ್ರೆ. ತಲುಪಿದ ದಿನ, ಹದಿನಾರು.

ಎರಡು ದಿನ ತಡವಾಗಿ ಬಂದ ಕಾಗದವನ್ನು ಟಪಾಲು ಗುಮಾಸ್ತ ತೆಗೆದಿದ್ದಾನೆ, ಮುದ್ರೆ ಹೊಡೆದಿದ್ದಾನೆ, ಫೈಲಿಗೆ ಸೇರಿಸಿದ್ದಾನೆ. ಅವನ ಕೆಲಸ ಮುಗಿದಿದೆ. ಅದರ ಪಕ್ಕದ ಕಟ್ಟಿನಲ್ಲೇ ಅದೇ ಕೈದಿ ಅದೇ ದಿನ ಹಾಜರಿದ್ದ ಎಂದು ಬರೆದದ್ದನ್ನು ತಿರುಗಿಸಿ ನೋಡುವುದು ಯಾರ ಕೆಲಸವೂ ಅಲ್ಲ.

“ಸಿಕ್ಕಿಬಿತ್ತು,” ಎಂದ ದಫೇದಾರ.

“ಅರ್ಧ ಸಿಕ್ಕಿತು.” ವಕೀಲಮ್ಮ ಪೆನ್ಸಿಲ್ಲಿನ ತುದಿಯನ್ನು ಹಣೆಗೆ ಒತ್ತಿಕೊಂಡಳು. “ಆಸ್ಪತ್ರೆಗೆ ಸೇರಿಸ್ತೀವಿ ಅಂತಿದೆ, ಸೇರಿಸಿದ್ವಿ ಅಂತಿಲ್ಲ. ಆ ಕಡೆ ವಕೀಲರು ಅದನ್ನೇ ಹಿಡಿದು ಜಗ್ಗಾಡ್ತಾರೆ. ಅದಕ್ಕಿಂತ ದೊಡ್ಡದು ಆರ್ಡರ್ ಶೀಟು. ಕೋರ್ಟು ತಾನೇ ಬರೆದಿದ್ದು ಸರಿ ಅಂತಲೇ ಮೇಲಿನ ಕೋರ್ಟು ಶುರು ಮಾಡೋದು. ಜಡ್ಜ್ ಸಹಿ ಹಾಕಿದ ಸಾಲು ತಪ್ಪು ಅನ್ನಬೇಕಾದ್ರೆ ಅವತ್ತು ಆ ಕೋರ್ಟ್ ಹಾಲಲ್ಲಿ ಕೂತು ಅದನ್ನ ಬರೆದವರಲ್ಲೇ ಯಾರಾದ್ರೂ ಅಫಿಡವಿಟ್ ಕೊಡಬೇಕು. ಆಗ ಅದು ಹೊಸ ಸಾಕ್ಷಿ ಅಲ್ಲ, ಕೋರ್ಟಿನ ತಪ್ಪನ್ನ ಕೋರ್ಟಿನವರೇ ಹೇಳಿದ ಹಾಗೆ. ಆಗ ಕೇಳಲೇಬೇಕು ಅವರು.”

“ಜಡ್ಜು?”

“ತೀರಿಕೊಂಡು ಎರಡು ವರ್ಷ.”

“ಮೇಸ್ತ್ರಿ ಪರ ನಿಂತಿದ್ದ ವಕೀಲ? ಅವನಿಗೆ ತನ್ನ ಕಕ್ಷಿದಾರ ಗೊತ್ತಿರಲಿಲ್ವಾ?”

“ಅವನನ್ನ ಕೋರ್ಟೇ ನೇಮಿಸಿದ್ದು, ಹದಿನಾಲ್ಕನೇ ತಾರೀಖೇ. ಅದಕ್ಕೆ ಮೊದಲು ಮೇಸ್ತ್ರಿ ಮುಖ ನೋಡಿರೋದಿಲ್ಲ. ಈಗ ವಕೀಲಿ ಬಿಟ್ಟು ಎಲ್ಲಿದ್ದಾನೋ. ಬೆಂಚ್ ಕ್ಲರ್ಕ್ ರಿಜಿಸ್ಟರಿನಿಂದ ತಲೆ ಎತ್ತೋದೇ ಇಲ್ಲ, ಅವನಿಗೆ ಈ ಕೇಸೇ ನೆನಪಿಲ್ಲ ಅಂತ ಹೋದ ವಾರವೇ ಹೇಳಿಬಿಟ್ಟ. ಇನ್ನುಳಿದಿದ್ದು ಟೈಪಿಸ್ಟ್. ಆ ಹಾಲಿನ ಟೈಪಿಸ್ಟ್ ಯಾರೋ ವಿಚಾರಿಸಬೇಕು.”

ವಿಚಾರಿಸುವ ಅಗತ್ಯ ದಫೇದಾರನಿಗಿರಲಿಲ್ಲ. ಆ ಹಾಲಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಟೈಪು ಮಾಡುತ್ತಿರುವುದು ಅವನ ಅತ್ತಿಗೆ. ಅಣ್ಣ ಸತ್ತ ಮೇಲೆ ಅವರಿಬ್ಬರ ನಡುವೆ ಮಾತಿರಲಿಲ್ಲ.

“ಎಷ್ಟು ಹೊತ್ತಿದೆ ನಮಗೆ?” ಎಂದ.

“ಇವತ್ತು ನಾಲ್ಕೂವರೆಗೆ ಕೌಂಟರು ಮುಚ್ಚುತ್ತೆ. ಅಷ್ಟರೊಳಗೆ ಸಲ್ಲಿಸಿದ್ರೆ ನಾಳೆ ಜಡ್ಜುಗಳ ಮುಂದೆ ಇರುತ್ತೆ.”

*

ಕೆಳಗಿನ ಕೋರ್ಟು ಅಲ್ಲಿಂದ ಮೂರು ಬೀದಿ. ದಫೇದಾರ ಹೋದಾಗ ಊಟದ ಬಿಡುವು. ಕ್ಯಾಂಟೀನಿನ ಗೋಡೆ ಪಕ್ಕದ ಮೇಜಿನಲ್ಲಿ ಅತ್ತಿಗೆ ಒಬ್ಬಳೇ ಕೂತು ಡಬ್ಬಿ ತೆರೆದಿದ್ದಳು. ಇವನನ್ನು ನೋಡಿ ಎದುರಿನ ಕುರ್ಚಿಯ ಮೇಲಿಟ್ಟಿದ್ದ ಚೀಲ ತೆಗೆದು ನೆಲಕ್ಕಿಟ್ಟಳು.

“ಬಾರಪ್ಪ. ಮೂರು ವರ್ಷಕ್ಕೆ ಅತ್ತಿಗೆ ನೆನಪಾದಳಾ? ಇಲ್ಲ, ಇವತ್ತೂ ಬೈಯೋಕೇ ಬಂದೆಯಾ?”

“ಕೋರ್ಟು ಕೆಲಸ.”

“ಅಂದ್ರೆ ಬೈಯೋಕೇ.”

ಅವನು ಹೇಳಬೇಕೆಂದುಕೊಂಡದ್ದನ್ನೆಲ್ಲ ದಾರಿಯಲ್ಲಿ ಜೋಡಿಸಿಕೊಂಡು ಬಂದಿದ್ದ. ಕೂತ ಕೂಡಲೇ ಎಲ್ಲ ಒಟ್ಟಿಗೆ ಬಾಯಿಗೆ ಬಂತು. ಹದಿನಾಲ್ಕನೇ ತಾರೀಖು, ಆಸ್ಪತ್ರೆ, ಜೈಲಿನ ಕಾಗದ, ಪುಟ ಅರವತ್ತೆರಡು. ಹೇಳುತ್ತ ಹೇಳುತ್ತ ಧ್ವನಿ ಏರಿತು.

“ಆರೋಪಿ ಕಟಕಟೇಲಿ ಇರಲಿಲ್ಲ. ನೀವು ಹಿಂದಿನ ಯಾವುದೋ ಕೇಸಿನ ಹಾಳೆ ನೋಡಿಕೊಂಡೇ ಹೊಸದನ್ನ ಬಡಿದು, ‘ಕಟಕಟೆಯಲ್ಲಿ ನಿಂತಿರುವ ಆರೋಪಿಯೇ ಆತ’ ಅನ್ನೋ ಸಾಲನ್ನ ಕೈಬಿಡೋದು ಮರೆತಿದ್ದೀರಿ. ಜಡ್ಜು ಓದದೇ ಸಹಿ ಹಾಕಿದ್ದಾನೆ. ಒಂದು ಸಾಲು ಅತ್ತಿಗೆ. ಆ ಒಂದು ಸಾಲಿಗೆ ಒಬ್ಬ ಮನುಷ್ಯ ಮೂರು ವರ್ಷದಿಂದ ಒಳಗೆ ಕೊಳೀತಿದ್ದಾನೆ.”

“ಧ್ವನಿ ಇಳಿಸು. ಇದು ನಿಮ್ಮ ಠಾಣೆ ಅಲ್ಲ.” ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಅವಳ ಮುಖದಲ್ಲಿ ಕಂಡದ್ದು ಹೆದರಿಕೆಯಲ್ಲ, ಅವಮಾನ. “ಹಳೇ ಹಾಳೆ ನೋಡಿಕೊಂಡು ಹೊಸದು ಬಡಿಯೋಳಲ್ಲ ನಾನು. ಇಪ್ಪತ್ತೆಂಟು ವರ್ಷದಲ್ಲಿ ಒಂದು ಸಲ ಮಾಡಿಲ್ಲ. ಬೇಕಾದ್ರೆ ಇಡೀ ಕಟ್ಟಡದಲ್ಲಿ ಕೇಳು.”

“ಹಂಗಾದ್ರೆ ಖಾಲಿ ಕಟಕಟೆ ತೋರಿಸಿ ಕಾವಲುಗಾರ ಇವನೇ ಅಂದನಾ?”

“ಕಟಕಟೆ ಖಾಲಿ ಇರಲಿಲ್ಲ.”

ದಫೇದಾರ ಕುರ್ಚಿ ಮುಂದಕ್ಕೆಳೆದುಕೊಂಡ.

“ಇನ್ನೊಂದು ಸಲ ಹೇಳಿ.”

“ಕಟಕಟೇಲಿ ಒಬ್ಬ ನಿಂತಿದ್ದ. ನಿಮ್ಮ ಮೇಸ್ತ್ರಿ ಅಲ್ಲ.”

ಪಕ್ಕದ ಮೇಜಿನಲ್ಲಿ ಯಾರೋ ಲೋಟ ಇಟ್ಟ ಸದ್ದಾಯಿತು. ಅತ್ತಿಗೆ ಸ್ವಲ್ಪ ಮುಂದೆ ಬಾಗಿದಳು. ಅವಳು ಮಾತಾಡುವ ರೀತಿಯೇ ಹಾಗೆ, ಜಡ್ಜು ಹೇಳಿ ಬರೆಸುವ ಹಾಗೆ, ತುಂಡು ತುಂಡಾಗಿ, ಎಲ್ಲೂ ಎಡವದೆ.

“ಜೈಲಿನ ವ್ಯಾನು ಬಂತು. ಹದಿನೇಳು ಜನ ಇದ್ರು. ಅವರನ್ನ ಹೆಸರು ಹಿಡಿದು ಕರೆಯೋದಿಲ್ಲ, ಕೇಸಿನ ನಂಬರು ಕೂಗ್ತಾರೆ. ನಮ್ಮ ಹಾಲಿಗೆ ಅವತ್ತು ಎರಡು ನಂಬರು. ಕಾವಲಿಗೆ ಬಂದ ಪೊಲೀಸರು ಹೊಸಬರು. ನಮ್ಮ ಹಾಲಿಗೆ ಇದ್ದಿದ್ದು ಒಬ್ಬನೇ, ಮೊದಲನೇ ನಂಬರು ಕೂಗಿದ ಕೂಡಲೇ ಅವನನ್ನೇ ಒಳಗೆ ತಳ್ಳಿದ್ರು. ಬೆಂಚ್ ಕ್ಲರ್ಕ್ ತಲೆ ಎತ್ತದೆ ಹೆಸರು ಓದಿ, ನೀನೇನಾ ಅಂದ. ಅವನು ಹೂಂ ಅಂದ. ಮುಗೀತು. ಆಮೇಲೆ ಎರಡನೇ ನಂಬರು ಕೂಗಿದಾಗ ಯಾರೂ ಇರಲಿಲ್ಲ. ಆ ಕೇಸಿನ ಹಾಳೇಲಿ, ಆರೋಪಿಯನ್ನು ಹಾಜರುಪಡಿಸಿಲ್ಲ, ಅಂತ ನಾನೇ ಟೈಪು ಮಾಡಿದೆ.”

“ಯಾರೂ ಮುಖ ನೋಡಲಿಲ್ವಾ?”

“ಜಡ್ಜು ಫೈಲ್ ನೋಡ್ತಾರೆ. ಕ್ಲರ್ಕು ರಿಜಿಸ್ಟರ್ ನೋಡ್ತಾನೆ. ವಕೀಲರು ಗಡಿಯಾರ ನೋಡ್ತಾರೆ. ನನ್ನ ಬೆರಳಿಗೆ ಕಣ್ಣು ಬೇಡ. ಎದುರಿಗಿರೋದೇ ಕಟಕಟೆ, ಇನ್ನೇನು ನೋಡಲಿ ನಾನು?”

ಹೂಂ ಎನ್ನುವ ಕೈದಿಗಳನ್ನು ದಫೇದಾರ ಸಾಕಷ್ಟು ಕಂಡಿದ್ದ. ಏನು ಕೇಳಿದರೂ ಹೂಂ ಎಂದರೆ ಬೇಗ ವಾಪಸ್ ಕಳಿಸುತ್ತಾರೆ ಎಂದುಕೊಂಡ ಜನ. ಅದು ದೊಡ್ಡ ವಿಷಯವಲ್ಲ. ಸಾಕ್ಷಿಗಳ ರೀತಿಯೂ ಅವನಿಗೆ ಗೊತ್ತಿತ್ತು. ಕಟಕಟೆಯಲ್ಲಿ ನಿಂತವನೇ ಆರೋಪಿ ಎಂದುಕೊಂಡು ಬೆರಳು ತೋರಿಸಿ ಮನೆಗೆ ಹೋಗುತ್ತಾರೆ.

“ಕಾವಲುಗಾರ ಯಾರಿದ್ರೂ ಇವನೇ ಅನ್ನುತ್ತಿದ್ದ ಬಿಡಿ,” ಎಂದ. “ಅಷ್ಟಾದ್ರೂ ಸಾಕು ನಮಗೆ.”

“ನಾನೂ ಹಾಗೇ ಅಂದುಕೊಳ್ಳೋಕೆ ನೋಡಿದೆ. ಆಗಲಿಲ್ಲ.” ಅತ್ತಿಗೆ ಡಬ್ಬಿಯ ಮುಚ್ಚಳದ ಮೇಲೆ ಬೆರಳಾಡಿಸುತ್ತಿದ್ದಳು, ಅಕ್ಷರ ಒತ್ತಿದ ಹಾಗೆ. “ಸುಳ್ಳು ಹೇಳೋ ಸಾಕ್ಷಿ ಮುಂದೆ ಬಗ್ಗಿ ಬೆರಳು ಚಾಚ್ತಾನೆ. ಇವನು ಕಟಕಟೆ ಕಡೆ ನೋಡಿದ, ಒಂದು ಹೆಜ್ಜೆ ಹಿಂದೆ ಸರಿದ. ನೀರು ಕೇಳಿದ. ಕುಡಿದು ಏನಂದ ಗೊತ್ತಾ? ‘ಇವನೇ ಸ್ವಾಮಿ. ಎಡಗೈ ಮಣಿಕಟ್ಟಿನ ಮೇಲೆ ಸುಟ್ಟ ಕಲೆ ಇದೆ ನೋಡಿ. ಕಂಬಿ ಹಿಡ್ಕೊಂಡು ಇಳೀವಾಗ ನೋಡಿದ್ದೆ.’ ಜಡ್ಜು ಕಲೆ ಗಿಲೆ ಎಲ್ಲ ಹೇಳಿ ಬರೆಸಲಿಲ್ಲ. ‘ಆರೋಪಿಯೇ ಆತ’, ಅಷ್ಟೇ ಹೇಳಿದ್ರು, ಅಷ್ಟೇ ಬಡಿದೆ. ಆದರೆ ನಾನು ಕಟಕಟೆ ನೋಡ್ತಿದ್ದೆ. ಕಾವಲುಗಾರ ಹಾಗೆ ಅಂದ ಕೂಡಲೇ ಅವನು ಅಂಗಿ ತೋಳು ಕೆಳಗೆಳೆದು ಗುಂಡಿ ಹಾಕಿಕೊಂಡ.”

ದಫೇದಾರನ ಸಿಟ್ಟು ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ.

ಅವನು ಜೈಲಿಗೆ ಹೋಗಿ ಮೇಸ್ತ್ರಿಯನ್ನು ನಾಲ್ಕು ಸಲ ನೋಡಿದ್ದ. ಅರ್ಧ ತೋಳಿನ ಅಂಗಿ. ಮಣಿಕಟ್ಟಿನ ಮೇಲೆ ಜೈಲಿನ ವರ್ಕ್‌ಷಾಪಿನ ಗ್ರೀಸಿನ ಕಪ್ಪು ಬಿಟ್ಟರೆ ಏನೂ ಇರಲಿಲ್ಲ.

ಕಾವಲುಗಾರ ಸುಳ್ಳು ಹೇಳಿರಲಿಲ್ಲ. ಮೆಟ್ಟಿಲಿಳಿದು ಓಡಿದವನನ್ನೇ ತೋರಿಸಿದ್ದ. ಕೋರ್ಟು ಆ ಬೆರಳನ್ನು ನೋಡದೆ ಫೈಲಿನ ಮೇಲಿದ್ದ ಹೆಸರನ್ನು ನೋಡಿ ಶಿಕ್ಷೆ ಬರೆದಿತ್ತು.

“ಮುಂದಿನ ತಾರೀಖಿಗೆ ಮೇಸ್ತ್ರಿ ಬಂದಾಗ ಬೇರೆ ಮುಖ ಅಂತ ಗೊತ್ತಾಯ್ತಲ್ಲ ನಿಮಗೆ,” ಎಂದ. ಈ ಸಲ ಮೆಲ್ಲಗೆ. “ಆಗ ಯಾಕೆ ಹೇಳಲಿಲ್ಲ?”

“ಸಹಿ ಬಿದ್ದ ಹಾಳೆ ತಪ್ಪು ಅಂತ ಟೈಪಿಸ್ಟ್ ಹೇಳಿದ್ರೆ ಆ ತಪ್ಪು ಟೈಪಿಸ್ಟಿಂದೇ ಆಗುತ್ತೆ. ನೀನೂ ಈಗ ಅದನ್ನೇ ಅಲ್ವಾ ಹೇಳಿಕೊಂಡು ಬಂದಿದ್ದು?” ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. “ಅದೇ ತಿಂಗಳು ನಿಮ್ಮಣ್ಣ ಹಾಸಿಗೆ ಹಿಡಿದಿದ್ದ. ದಿನಾ ಎರಡು ಗಂಟೆ ಮೊದಲೇ ಹೋಗೋಕೆ ಜಡ್ಜ್ ಹತ್ತಿರ ಕೈಮುಗಿದು ಕೇಳ್ತಿದ್ದೆ. ಅವರ ತಪ್ಪು ಎತ್ತಿ ತೋರಿಸೋ ಬಾಯಿ ನಂಗಿರಲಿಲ್ಲ. ಮೂರು ಸಲ ಕೋಣೆ ಬಾಗಿಲ ತನಕ ಹೋಗಿ ವಾಪಸ್ ಬಂದೆ. ನಾಲ್ಕನೇ ಸಲ ಹೋಗೋಣ ಅಂದುಕೊಂಡ ದಿನ ಮನೆಯಿಂದ ಫೋನ್ ಬಂತು.”

ಆ ದಿನ ಹೆಣದ ಮುಂದೆ, ನಾಲ್ಕು ಜನರ ಎದುರಿಗೆ ದಫೇದಾರ ಹೇಳಿದ್ದ ಮಾತು ಇಬ್ಬರಿಗೂ ನೆನಪಿತ್ತು. ಗಂಡ ಸಾಯುವಾಗಲೂ ನಿಮಗೆ ಆ ಟೈಪ್ ಮಿಷನ್ನೇ ಹೆಚ್ಚಾಯಿತು, ಎಂದಿದ್ದ.

ಅವನು ಏನೋ ಹೇಳಲು ಹೊರಟ. ಅವಳು ಸೊಪ್ಪು ಹಾಕಲಿಲ್ಲ.

“ಅದು ಬಿಡು. ಈಗ ಏನು ಬೇಕು ಹೇಳು.”

“ಅಫಿಡವಿಟ್. ನೀವು ನೋಡಿದ್ದು ಬರೆದು ಸಹಿ. ನಾಲ್ಕೂವರೆ ಒಳಗೆ.” ಅವನು ತಡೆದು ಹೇಳಿದ, “ನಿಮಗೆ ತೊಂದರೆ ಆಗುತ್ತೆ. ಸುಳ್ಳು ಹೇಳೋಲ್ಲ. ಇಷ್ಟು ದಿನ ಸುಮ್ಮನಿದ್ದಿದ್ದಕ್ಕೆ ವಿಚಾರಣೆ ಮಾಡ್ತಾರೆ.”

“ನಿವೃತ್ತಿಗೆ ಹತ್ತು ವಾರ ಇದೆ. ಮಾಡಲಿ. ಬರಿ, ಹಾಕ್ತೀನಿ. ನೀನು ಬರೆದಿದ್ದನ್ನ ಮೊದಲು ತಿದ್ದಿ ಆಮೇಲೆ ಹಾಕ್ತೀನಿ. ನಿನ್ನ ಬರವಣಿಗೆ ಗೊತ್ತಿದೆ ನಂಗೆ.”

ದಫೇದಾರನಿಗೆ ನಗು ಬಂತು. ಚೀಲದಿಂದ ಹಾಳೆ ತೆಗೆದ.

“ಬರೀ ನನ್ನ ಮಾತು ನಂಬ್ತಾರಾ ಮೇಲಿನವರು?” ಎಂದಳು ಅವಳು. “ಜಡ್ಜು ಹೇಳೋದಕ್ಕೆ ಮೊದಲು ಸಾಕ್ಷಿ ಆಡಿದ್ದನ್ನ ನಾನು ಶಾರ್ಟ್‌ಹ್ಯಾಂಡಲ್ಲಿ ಗೀಚಿಕೊಳ್ತೀನಿ. ಯಾರೂ ಹೇಳಿದ್ದಲ್ಲ, ನನ್ನ ಅಭ್ಯಾಸ. ಎಲ್ಲ ವರ್ಷದ್ದೂ ಮೇಲೆ ಬೀರುವಲ್ಲಿದೆ. ಕಲೆ ಮಾತೂ ಇದೆ, ಎರಡನೇ ಕೇಸಿನ ನಂಬರೂ ಇದೆ. ನಂಬರಿದ್ರೆ ಹೆಸರು ಸಿಗುತ್ತೆ.”

“ಅವನು ಈಗ ಎಲ್ಲಿದ್ದಾನೋ. ಹುಡುಕೋಕೆ...”

“ಹುಡುಕೋದೇನೂ ಬೇಡ. ಆ ಕೇಸಲ್ಲಿ ಬಿಡುಗಡೆ ಆದ. ವರ್ಷದಿಂದ ದಿನಾ ನೋಡ್ತಿದ್ದೀನಿ ಅವನನ್ನ.”

“ಎಲ್ಲಿ?”

“ಇಲ್ಲೇ ಕೆಲಸಕ್ಕಿದ್ದಾನೆ. ಈ ಕಾಂಪೌಂಡಲ್ಲೇ. ದಿನಾ ಬೆಳಿಗ್ಗೆ ನಂಗೆ ನಮಸ್ಕಾರ...”

ಅವಳು ನಿಲ್ಲಿಸಿದಳು. ಅವಳ ಕಣ್ಣು ದಫೇದಾರನ ಭುಜದ ಮೇಲಿಂದ ಹಿಂದೆ ಎಲ್ಲೋ ಹೋಗಿತ್ತು. ಯಾರಿಗೋ ತಲೆ ಆಡಿಸಿದ ಹಾಗೆ ಸ್ವಲ್ಪ ಆಡಿಸಿದಳು. ಆಮೇಲೆ ಕನ್ನಡಕ ಹಾಕಿಕೊಂಡು ಎದ್ದಳು.

“ನೋಟ್‌ಬುಕ್ ತರ್ತೀನಿ. ಹತ್ತು ನಿಮಿಷ. ನೀನು ಬರೆದಿಟ್ಟಿರು.”

“ನಾನೂ ಬರ್ತೀನಿ.”

“ಕೂತ್ಕೋ. ಹೊರಗಿನವರನ್ನ ಆ ಕೋಣೆಗೆ ಬಿಡೋಲ್ಲ.”

ಅವಳು ಡಬ್ಬಿ ಚೀಲಕ್ಕೆ ಹಾಕಿಕೊಂಡು, ಚೀಲ ಹೆಗಲಿಗೇರಿಸಿ, ಮೇಜುಗಳ ನಡುವೆ ದಾರಿ ಮಾಡಿಕೊಂಡು ಬಾಗಿಲಾಚೆ ಹೋದಳು. ದಫೇದಾರ ತಿರುಗಿ ನೋಡಿದ. ಹಿಂದಿನ ಮೇಜುಗಳಲ್ಲಿ ಏಳೆಂಟು ಜನ. ಕರಿ ಕೋಟಿನ ವಕೀಲರು ಮೂವರು, ಅವರ ಗುಮಾಸ್ತರು, ಸಮವಸ್ತ್ರದ ಜವಾನ ಒಬ್ಬ, ಹಣ ತೆಗೆದುಕೊಳ್ಳುವ ಗಲ್ಲಾಪೆಟ್ಟಿಗೆಯ ಹತ್ತಿರ ಬೆನ್ನು ಮಾಡಿ ನಿಂತವರು ಇಬ್ಬರು. ಕೋರ್ಟಿನಲ್ಲಿ ಎಲ್ಲರದ್ದೂ ಉದ್ದ ತೋಳಿನ ಬಟ್ಟೆಯೇ.

ಹತ್ತು ನಿಮಿಷ ತಾನೇ ಎಂದುಕೊಂಡು ಅವನು ಬರೆಯಲು ಕೂತ. ಮೊದಲ ಹಾಳೆ ಹರಿದ. ಎರಡನೆಯದು ನೇರ ಬಂತು. ಮುಗಿಸಿ ತಲೆ ಎತ್ತಿದಾಗ ಬಿಡುವು ಮುಗಿದ ಗಂಟೆ ಹೊಡೆಯಿತು. ಕ್ಯಾಂಟೀನು ಖಾಲಿಯಾಗಿತ್ತು. ಹಿಂದಿನ ಮೇಜುಗಳಲ್ಲಿ ಲೋಟಗಳಷ್ಟೇ ಇದ್ದವು.

ಅವನು ಮೆಟ್ಟಿಲು ಹತ್ತಿ ಹಾಲಿಗೆ ಹೋದ. ಕಲಾಪ ಶುರುವಾಗಿತ್ತು. ಟೈಪ್ ಮಿಷನ್ನಿನ ಮುಂದೆ ಪಕ್ಕದ ಹಾಲಿನಿಂದ ಕರೆಸಿದ ಬೇರೊಬ್ಬಳು ಕೂತಿದ್ದಳು.

ಟೈಪಿಸ್ಟುಗಳ ಕೋಣೆಗೆ ಅವನನ್ನು ಯಾರೂ ತಡೆಯಲಿಲ್ಲ. ಬೀರು ತೆರೆದೇ ಇತ್ತು. ನೋಟ್‌ಬುಕ್ಕುಗಳನ್ನು ವರ್ಷದ ಪ್ರಕಾರ ನಿಲ್ಲಿಸಿತ್ತು, ಬೆನ್ನಿಗೆ ಚೀಟಿ ಅಂಟಿಸಿತ್ತು. ಮೂರು ವರ್ಷದ ಹಿಂದಿನ ಸಾಲಿನಲ್ಲಿ ಒಂದರ ಜಾಗ ಖಾಲಿ.

ಗೇಟಿನ ಪೊಲೀಸಿನವನನ್ನು ಕೇಳಿದ.

“ಟೈಪಿಸ್ಟ್ ಅಮ್ಮನಾ? ಹೋದ್ರಲ್ಲ. ಅರ್ಧ ಗಂಟೆ ಆಯ್ತು.”

“ಒಬ್ಬರೇನಾ?”

“ಇಬ್ಬರು. ಇನ್ನೊಬ್ಬರು ಯಾರೋ ಇದ್ರು. ನಾನು ಚೀಲ ಚೆಕ್ ಮಾಡ್ತಿದ್ದೆ, ಮುಖ ನೋಡಲಿಲ್ಲ.”

“ಅವನು ಎಳೆದುಕೊಂಡು ಹೋದನಾ?”

“ಛೇ, ಇಲ್ಲಪ್ಪ. ಅಮ್ಮನೇ ಮುಂದೆ ನಡೀತಿದ್ರು. ಅವನು ಹಿಂದಿನಿಂದ ಹೋದ.”

ಮೇಲಿನ ಕೋರ್ಟಿಗೆ ಹೋಗುವುದು ಎಡಗಡೆ. ಅವರು ತಿರುಗಿದ್ದು ಬಲಕ್ಕೆ ಎಂದ ಪೊಲೀಸಿನವನು.

ದಫೇದಾರ ಬಲಗಡೆಯ ಬೀದಿಯ ಕೊನೆಯ ತನಕ ಹೋಗಿ ಬಂದ. ಅತ್ತಿಗೆಯ ಫೋನು ಒಂದು ಸಲ ರಿಂಗಾಯಿತು, ಎರಡನೇ ಸಲ ಆಗಲಿಲ್ಲ. ಮೂರು ಮುಕ್ಕಾಲಿಗೆ ವಕೀಲಮ್ಮ ಮೇಲಿನ ಕೋರ್ಟಿನ ಕೌಂಟರಿನಿಂದ ಕರೆ ಮಾಡಿದಳು.

“ಸಹಿ ಆಯ್ತಾ?”

“ಬರ್ತಾರೆ,” ಎಂದ ದಫೇದಾರ.

ಅವನು ಕೆಳಗಿನ ಕೋರ್ಟಿನ ಗೇಟಿನ ಹತ್ತಿರವೇ ನಿಂತ, ಬಂದವರ ಮುಖವನ್ನೆಲ್ಲ ನೋಡುತ್ತ. ನಾಲ್ಕೂವರೆಗೆ ಮೇಲಿನ ಕೋರ್ಟಿನ ಕೌಂಟರು ಮುಚ್ಚಿತು. ಐದಕ್ಕೆ ಜನ ಹೊರಗೆ ಬಂದರು. ಆರಕ್ಕೆ ಪೊಲೀಸಿನವನು ದೊಡ್ಡ ಗೇಟು ಹಾಕಿ ಚಿಕ್ಕದನ್ನು ತೆರೆದಿಟ್ಟ. ಅತ್ತಿಗೆ ಬರಲಿಲ್ಲ.

(ಮುಂದಿನ ವಾರಕ್ಕೆ)